ಓಡದೆ ನಡೆದ ಹಾಡು

ಅವರ ಬಲಗಾಲಿನ ಚಪ್ಪಲಿ ಎಡಗಾಲಿನದಕ್ಕಿಂತ ಮೊದಲೇ ಸವೆಯುತ್ತಿತ್ತು. ಹಿಮ್ಮಡಿಯ ಭಾಗ ಸರಿಯಾಗಿಯೇ ಇರುತ್ತಿತ್ತು. ಹೆಬ್ಬೆರಳಿನ ಕೆಳಗೆ ಮಾತ್ರ ನಾಣ್ಯದಷ್ಟು ಅಗಲದ ಗುಳಿ. ಲಿಫ್ಟಿನಲ್ಲಿ ನಿಂತರೂ, ಸೂಪರ್‌ಮಾರ್ಕೆಟಿನ ಸಾಲಿನಲ್ಲಿ ನಿಂತರೂ ಆ ಪಾದ ಮೇಲೆ ಕೆಳಗೆ ಆಡುತ್ತಲೇ ಇರುತ್ತಿತ್ತು. ನಾನು ಮೂವತ್ತೆಂಟು ವರ್ಷ ನರ್ಸ್ ಆಗಿದ್ದವಳು. ಮೊದಲ ಸಲ ನೋಡಿದಾಗ ನರದ ಕಾಯಿಲೆ ಎಂದುಕೊಂಡೆ. ಕೈ ನೋಡಿದೆ, ಕೈ ನಡುಗುತ್ತಿರಲಿಲ್ಲ. ಹಾಗಾದರೆ ಚಟ ಎಂದು ತೀರ್ಮಾನಿಸಿ ಐದನೆಯ ಮಹಡಿಯ ಬಟನ್ ಒತ್ತಿದೆ. ಅವರೂ ಅದೇ ಬಟನ್ನಿಗೆ ಕೈ ಚಾಚಿದ್ದರು.

ದುಬೈಯ ಅಲ್ ನಹ್ದಾದ ಆ ಕಟ್ಟಡಕ್ಕೆ ನಾನು ಬಂದದ್ದು ಅಬುಧಾಬಿಯ ಆಸ್ಪತ್ರೆಯಿಂದ ನಿವೃತ್ತಳಾದ ಮೇಲೆ, ಮಗಳ ವೀಸಾದಲ್ಲಿ. ಅವರು ಎದುರಿನ ಫ್ಲ್ಯಾಟಿನಲ್ಲಿ ತಮ್ಮ ಮಗಳ ಜತೆ ಇದ್ದರು. ನಾನು ಉಡುಪಿ ಕಡೆಯವಳು, ಅವರು ಮಂಗಳೂರಿನ ಕೊಂಕಣಿ ಕ್ರೈಸ್ತರು. ಸಂಜೆ ಹೊತ್ತು ಕಟ್ಟಡದ ಮಕ್ಕಳಿಗೆ ಪಾಠ ಹೇಳುತ್ತಿದ್ದುದರಿಂದ ಎಲ್ಲರಿಗೂ ಅವರು ಗಿಟಾರ್ ಮಾಸ್ಟ್ರು. ನಾನು ಅವರಿಗೆ ಸಿಸ್ಟರ್.

ಪರಿಚಯವಾದದ್ದು ಜಗಳದಿಂದ. ನನ್ನ ದಿನ ಬೆಳಿಗ್ಗೆ ನಾಲ್ಕೂಮುಕ್ಕಾಲಿಗೆ ಶುರುವಾಗುತ್ತದೆ. ಮಧ್ಯಾಹ್ನ ಎರಡರಿಂದ ನಾಲ್ಕು ವಿಶ್ರಾಂತಿ. ಇದು ನರ್ಸಿಂಗ್ ಶಾಲೆಯ ಹಾಸ್ಟೆಲಿನಲ್ಲಿ ಕಲಿತ ಕ್ರಮ, ಇವತ್ತಿಗೂ ಮುರಿದಿಲ್ಲ. ಒಂದು ದಿನ ಮೂರು ಗಂಟೆಗೆ ಎದುರು ಮನೆಯಿಂದ ಯಾರೋ ಬಾತುಕೋಳಿಯ ಕುತ್ತಿಗೆ ಹಿಸುಕಿ ಬಿಡುತ್ತಿರುವಂಥ ಸದ್ದು ಬಂತು. ಹೋಗಿ ಬಾಗಿಲು ತಟ್ಟಿದೆ.

"ಇದೆಂತ ಮಾಸ್ಟ್ರೇ, ಯಾರನ್ನು ಕೊಲ್ಲುತ್ತಾ ಇದ್ದೀರಿ?"

"ಕೊಲ್ಲುದಲ್ಲ ಸಿಸ್ಟರ್, ಬದುಕಿಸುದು. ನೋಡಿ." ನೆಲದ ಮೇಲೆ ಕಬ್ಬಿಣದ ಒಂದು ಪೆಡಲ್ ಇತ್ತು, ಹೊಲಿಗೆ ಯಂತ್ರದ ಪೆಡಲಿನ ತಮ್ಮನಂತೆ. ಅವರು ಬಲಗಾಲಿನಿಂದ ಅದನ್ನು ತುಳಿಯುತ್ತ ಗಿಟಾರಿನ ತಂತಿ ಮೀಟಿದರು. ತಂತಿ ಬಾಯಿ ತೆರೆದು ಮುಚ್ಚಿದಂತೆ 'ವಕ್ಕ ವಕ್ಕ' ಎಂದಿತು.

"ಎರಡರಿಂದ ನಾಲ್ಕು ವಿಶ್ರಾಂತಿ ಸಮಯ," ಎಂದೆ.

"ಆಯ್ತು," ಎಂದರು. ಅಷ್ಟೇ. ಮರುದಿನದಿಂದ ಆ ಸದ್ದು ನಾಲ್ಕು ಗಂಟೆ ಒಂದು ನಿಮಿಷಕ್ಕೆ ಶುರುವಾಗತೊಡಗಿತು. ನಾಲ್ಕಕ್ಕಲ್ಲ, ನಾಲ್ಕು ಒಂದಕ್ಕೆ. ಆ ಒಂದು ನಿಮಿಷ ನನ್ನ ಗಡಿಯಾರ ಹಿಂದಿದ್ದರೆ ಇರಲಿ ಎಂದು ಬಿಟ್ಟದ್ದಂತೆ. ನನ್ನ ಗಡಿಯಾರ ಹಿಂದಿರುವುದಿಲ್ಲ ಎಂದು ಹೇಳಿದೆ. ಅವರು ನಕ್ಕರು, ಆ ನಿಮಿಷವನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಸಮಯದ ವಿಷಯದಲ್ಲಿ ನನಗಿಂತ ಹಟದವರನ್ನು ನಾನು ನೋಡಿದ್ದು ಅದೇ ಮೊದಲು. ಅಲ್ಲಿಂದ ಗೌರವ ಹುಟ್ಟಿತು.

ಆ 'ವಕ್ಕ ವಕ್ಕ'ವನ್ನು ನಾನು ಮೊದಲೇ ಕೇಳಿದ್ದೆ ಎಂದು ತಿಳಿಯಲು ಎರಡು ವಾರ ಬೇಕಾಯಿತು. ಕನ್ನಡ ಸಿನಿಮಾ ನೋಡಿದ ನನ್ನ ವಯಸ್ಸಿನವರೆಲ್ಲ ಕೇಳಿದ್ದಾರೆ. ಎಪ್ಪತ್ತರ ದಶಕದ ಒಂದು ಚಿತ್ರದ ಶೀರ್ಷಿಕೆ ಸಂಗೀತ, ಮಾತಿಲ್ಲದ ಹಾಡು. ಬಂದರಿನಿಂದ ಒಬ್ಬ ಮನುಷ್ಯ ಹೊರಟು ಪೇಟೆಯೊಳಗೆ ನಡೆದು ಬರುತ್ತಾನೆ, ಅವನ ಮೇಲೆ ಹೆಸರುಗಳು ಮೂಡಿ ಮಾಯವಾಗುತ್ತವೆ. ಚಿತ್ರ ಯಾರಿಗೂ ನೆನಪಿಲ್ಲ. ಹಾಡು ಮಾತ್ರ ಸಾಯಲಿಲ್ಲ. ಮೊಬೈಲಿನ ರಿಂಗ್‌ಟೋನ್ ಆಯಿತು, ಸೋಪಿನ ಜಾಹೀರಾತಿಗೆ ಬಂತು, ಹೋಟೆಲುಗಳ ಶುಕ್ರವಾರದ ಊಟದ ಪಾರ್ಟಿಗಳಲ್ಲಿ ಕುಣಿಯಲು ಹಾಕಿದರು. ಹಳೆಯ ರೆಕಾರ್ಡ್ ಹುಡುಕಿಕೊಂಡು ಒಬ್ಬ ಬಿಳಿಯ ಯುವಕ ಮಾಸ್ಟ್ರ ಮನೆಗೂ ಬಂದಿದ್ದ. ಅವನು ಹೋದ ಮೇಲೆ ಮಾಸ್ಟ್ರು ಹೇಳಿದ್ದು, "ಪೆಡಲಿನ ಫೋಟೊ ತೆಗೆದ, ಚಪ್ಪಲಿಯ ಫೋಟೊ ತೆಗೆದ. ನನ್ನ ಮುಖದ್ದು ತೆಗೆಯಲಿಕ್ಕೆ ಮರೆತ."

ಆ ಹಾಡಿನ ಗಿಟಾರು ಅವರದು.

"ಇದಕ್ಕೆ ಫಂಕ್ ಅಂತ ಹೇಳ್ತಾರಂತೆ. ಹಾಗಂದ್ರೆ ಎಂತ?" ಎಂದು ಕೇಳಿದೆ.

"ಮೀನು ಮಾರ್ಕೆಟಿಗೆ ಹೋಗಿದ್ದೀರಲ್ಲ? ಒಬ್ಬಳು ಮೀನು ಕೊಚ್ಚುತ್ತಾಳೆ, ಒಬ್ಬಳು ಬೊಬ್ಬೆ ಹಾಕ್ತಾಳೆ, ಒಬ್ಬ ನೀರು ಎರಚುತ್ತಾನೆ. ಯಾರೂ ಯಾರದ್ದೂ ಕೇಳುದಿಲ್ಲ ಅಂತ ಕಾಣ್ತದೆ. ಆದ್ರೆ ಕತ್ತಿ ಯಾರ ಬೆರಳಿಗೂ ಬೀಳುದಿಲ್ಲ. ಅದು ಫಂಕ್."

ಹಾಡು ಹುಟ್ಟಿದ ಕಥೆಯನ್ನು ನಾನು ಹಲವು ಸಲ ಕೇಳಿದ್ದೇನೆ. ಪ್ರತಿ ಸಲವೂ ಒಂದೇ ರೀತಿ ಹೇಳುತ್ತಿದ್ದರು, ಹಾಗಾಗಿ ನಂಬಿದ್ದೇನೆ. ಮದರಾಸಿನ ಸ್ಟುಡಿಯೋ. ಹನ್ನೊಂದು ಮಂದಿ ವಾದಕರು. ಎದುರಿನ ಪರದೆಯ ಮೇಲೆ ದೃಶ್ಯ ಓಡುತ್ತದೆ, ಸಂಗೀತ ನಿರ್ದೇಶಕರು ಸ್ಟಾಪ್‌ವಾಚ್ ಹಿಡಿದು ಕೈ ಬೀಸುತ್ತಾರೆ, ವಾದಕರು ಅವರ ಕೈ ನೋಡಿ ನುಡಿಸಬೇಕು. ಆ ದಿನ ಸ್ಟಾಪ್‌ವಾಚ್ ಕೆಟ್ಟಿತು. ಬೇರೆ ತರಿಸಲು ಹೊತ್ತಿರಲಿಲ್ಲ, ಊಟದ ನಂತರ ಸ್ಟುಡಿಯೋ ಇನ್ನೊಬ್ಬರದು. ನಿರ್ದೇಶಕರು ಕೈ ಕೆಳಗಿಳಿಸಿ ಹೇಳಿದರಂತೆ: ನನ್ನನ್ನು ನೋಡಬೇಡಿ, ಅವನ ಕಾಲು ನೋಡಿ ನುಡಿಸಿ.

ಪರದೆಯ ಮೇಲಿನವನು ಮೊದಲು ನಿಧಾನವಾಗಿ ನಡೆಯುತ್ತಾನೆ. ಹಿಂದೆ ಯಾರೋ ಬರುತ್ತಿದ್ದಾರೆಂದು ಅವನಿಗೆ ಗೊತ್ತಾಗುತ್ತದೆ. ಹೆಜ್ಜೆ ಬಿರುಸಾಗುತ್ತದೆ. ಮತ್ತೆ ಬಿರುಸಾಗುತ್ತದೆ.

"ಆದ್ರೆ ಓಡುದಿಲ್ಲ ಸಿಸ್ಟರ್. ಕೊನೆವರೆಗೂ ಓಡುದಿಲ್ಲ. ಓಡಿದ್ರೆ ಹೆದರಿದ ಹಾಗೆ ಆಯ್ತಲ್ಲ. ನಾವು ಹನ್ನೊಂದು ಜನ ಅವನ ಪಾದಕ್ಕೆ ಕಣ್ಣು ನೆಟ್ಟು ಅವನ ಜತೆಗೇ ನಡೆದೆವು. ಅವನ ಮೈಮೇಲೆ ಹೆಸರು ಬರ್ತಾ ಇತ್ತು. ಮೇಕಪ್ ಮಾಡಿದವನದ್ದು ಬಂತು, ಕಾರು ಕೊಟ್ಟವನದ್ದು ಬಂತು. ನಮ್ಮದು ಬರಲಿಲ್ಲ. ಇರ್ಲಿ, ನಡಿಗೆ ನಮ್ಮದು."

ಅದಾದ ಮೇಲೆ ಅವರು ಕೊಲ್ಲಿಗೆ ಬಂದು ಹೋಟೆಲ್ ಬ್ಯಾಂಡುಗಳಲ್ಲಿ ನುಡಿಸಿ ಮುದುಕರಾದರು. ಉಳಿದ ಹತ್ತು ಮಂದಿಯಲ್ಲಿ ಯಾರು ಬದುಕಿದ್ದಾರೆಂದು ಅವರಿಗೆ ತಿಳಿದಿರಲಿಲ್ಲ.

ಆ ವರ್ಷ ನಮ್ಮ ಕನ್ನಡ ಸಂಘದ ನವೆಂಬರ್ ಕಾರ್ಯಕ್ರಮಕ್ಕೆ ಅದೇ ಹಾಡಿನಿಂದ ಆರಂಭ ಎಂದು ನಿರ್ಧಾರವಾಯಿತು. ಸಂಘದ ಕಾರ್ಯದರ್ಶಿ ಹಳೆಯ ಪೇಟೆ ನೈಫಿನಲ್ಲಿ ವಿದ್ಯುತ್ ಸಾಮಾನುಗಳ ಅಂಗಡಿ ಇಟ್ಟಿದ್ದವರು. ಒಳ್ಳೆಯ ಕೆಲಸಗಾರ, ಅವಸರದ ಮನುಷ್ಯ. ಹಾಡಿನ ಗಿಟಾರ್ ವಾದಕರು ಅಲ್ ನಹ್ದಾದಲ್ಲೇ ಇದ್ದಾರೆಂದು ನನ್ನಿಂದ ತಿಳಿದು ಓಡಿ ಬಂದರು. ವೇದಿಕೆಯಲ್ಲಿ ಮಾಸ್ಟ್ರು ನುಡಿಸಬೇಕು, ನುಡಿಸಿದ ಮೇಲೆ ಅತಿಥಿಗಳಿಂದ ಶಾಲು. ಮಾಸ್ಟ್ರ ಮಗಳು ಅದೇ ವಾರ ತಂದೆಗೆ ಹೊಸ ಕೋಟು ತಂದಳು. ನಾಲ್ಕು ದಶಕದಲ್ಲಿ ಆ ಹಾಡಿಗಾಗಿ ಅವರನ್ನು ಯಾರೂ ಕರೆದಿರಲಿಲ್ಲ. ಮಾಸ್ಟ್ರು ಗಿಟಾರಿಗೆ ಹೊಸ ತಂತಿ ಕಟ್ಟಿದರು.

ನನಗೂ ಒಂದು ಕೆಲಸ ಕೊಟ್ಟಿದ್ದರು. ಪ್ರತಿ ವರ್ಷದಂತೆ ಸಮಯಪಾಲಕಿ. ಕಾರ್ಯಕ್ರಮ ಪಟ್ಟಿ ಹಿಡಿದು ವೇದಿಕೆಯ ಬದಿಯಲ್ಲಿ ನಿಲ್ಲುವುದು, ಹೆಚ್ಚು ಮಾತಾಡಿದವರಿಗೆ ಗಂಟೆ ಬಾರಿಸುವುದು.

ಶುಕ್ರವಾರ ಬೆಳಿಗ್ಗೆ ಶಾಲೆಯೊಂದರ ಸಭಾಂಗಣದಲ್ಲಿ ತಾಲೀಮು. ಡ್ರಮ್ಸಿಗೆ ಕುಂದಾಪುರದ ಒಬ್ಬರು, ಹೋಟೆಲ್ ಲಾಂಡ್ರಿಯಲ್ಲಿ ಕೆಲಸ, ಊರಾಚೆಯ ಇಂಟರ್‌ನ್ಯಾಷನಲ್ ಸಿಟಿಯಿಂದ ಎರಡು ಬಸ್ ಬದಲಿಸಿ ಬಂದಿದ್ದರು. ಕಾರ್ಯದರ್ಶಿ ಇಬ್ಬರಿಗೂ ಹೆಡ್‌ಫೋನ್ ಕೊಟ್ಟರು. ಹಾಡಿನ ಹಕ್ಕು ಕೊಂಡವರು ಈಚೆಗೆ ಅದನ್ನು 'ಶುದ್ಧ' ಮಾಡಿ ಹೊಸದಾಗಿ ಹೊರಡಿಸಿದ್ದರಂತೆ, ಆ ಟ್ರ್ಯಾಕಿನ ಮೇಲೆ ಇವರು ನುಡಿಸಬೇಕು. ಹಿಂದಿನ ಪರದೆಯಲ್ಲಿ ಹಳೆಯ ದೃಶ್ಯ.

ಅರ್ಧ ಹಾಡು ದಾಟಿದ ಮೇಲೆ ಎಡವಟ್ಟಾಯಿತು. ಗಿಟಾರು ಮುಂದೆ ಹೋಯಿತು, ಟ್ರ್ಯಾಕ್ ಹಿಂದೆ ಉಳಿಯಿತು.

"ಮಾಸ್ಟ್ರೇ, ನೀವು ಓಡ್ತಾ ಇದ್ದೀರಿ," ಎಂದರು ಕಾರ್ಯದರ್ಶಿ.

"ನಾನು ನಡೀತಾ ಇದ್ದೇನೆ. ಅವನನ್ನು ನೋಡಿ, ಅವನಿಗೆ ಎಂತ ಆಗಿದೆ?" ಮಾಸ್ಟ್ರು ಪರದೆಯತ್ತ ಬೆರಳು ತೋರಿಸಿದರು. ಟ್ರ್ಯಾಕಿಗೆ ಹೊಂದಲಿ ಎಂದು ದೃಶ್ಯವನ್ನೂ ಎಳೆದು ನಿಧಾನ ಮಾಡಿದ್ದರು. "ನನ್ನ ಮನುಷ್ಯನನ್ನು ಸೊಂಟದವರೆಗೆ ನೀರಲ್ಲಿ ನಡೆಸಿದ್ದೀರಲ್ಲ ಮಾರಾಯ್ರೇ!"

"ಹಳೆಯ ರೆಕಾರ್ಡಿಂಗಲ್ಲಿ ತಾಳ ಸರಿ ಇರಲಿಲ್ಲ, ಕಂಪ್ಯೂಟರಲ್ಲಿ ಸರಿ ಮಾಡಿದ್ದಾರೆ. ಈಗ ಖಲಾಸ್, ಎಲ್ಲ ಫಿಕ್ಸ್ ಆಗಿದೆ. ಕಷ್ಟ ಆದ್ರೆ ನೀವು ಸುಮ್ಮನೆ ಕೈ ಆಡಿಸಿ ಸಾಕು, ಸೌಂಡ್ ಹೇಗೂ ಟ್ರ್ಯಾಕಿಂದ ಬರ್ತದೆ. ಶಾಲು ಹೇಗೂ ಉಂಟು."

ಮಾಸ್ಟ್ರು ಹೆಡ್‌ಫೋನ್ ತೆಗೆದು ಕುರ್ಚಿಯ ಮೇಲೆ ಇಟ್ಟರು. ಗಿಟಾರು ಪೆಟ್ಟಿಗೆಯಲ್ಲಿಟ್ಟು ಹೊರಗೆ ನಡೆದರು. ಓಡಲಿಲ್ಲ.

ಟ್ಯಾಕ್ಸಿಯಲ್ಲಿ ನಾನು ಅವರ ಪರ ಇರಲಿಲ್ಲ. ಅದನ್ನು ಇಲ್ಲಿ ಒಪ್ಪಿಕೊಳ್ಳಬೇಕು. "ಬರ್ತೇನೆ ಅಂತ ಹೇಳಿ ಬಿಟ್ಟುಹೋಗುದು ಸರಿಯಲ್ಲ ಮಾಸ್ಟ್ರೇ. ತಾಳ ಒಂದೇ ಸಮ ಇರಬೇಕಾದದ್ದೇ ಅಲ್ವಾ? ನೀವೇ ತಪ್ಪಿರಬಹುದು."

"ನಾನು ಹೇಳಿದ್ದನ್ನು ನಂಬಬೇಡಿ. ನಿಮ್ಮ ವಾಚಲ್ಲಿ ಎಣಿಸಿ," ಎಂದರು. ಮನೆಗೆ ಬಂದು ಹಳೆಯ ಕ್ಯಾಸೆಟ್ಟನ್ನೂ ಅದನ್ನು ನುಡಿಸುವ ಪೆಟ್ಟಿಗೆಯನ್ನೂ ತಂದು ನನ್ನ ಮೇಜಿನ ಮೇಲೆ ಇಟ್ಟು ಹೋದರು.

ನಾನು ಎಣಿಸಿದೆ. ಎದೆಗೆ ಸಿಕ್ಕಿಸುವ ನರ್ಸಿನ ವಾಚು ಈಗಲೂ ನನ್ನ ಬಳಿ ಇದೆ. ರೋಗಿಯ ಮಣಿಕಟ್ಟು ಹಿಡಿದಂತೆ ಕ್ಯಾಸೆಟ್ ಪೆಟ್ಟಿಗೆಯ ಮೇಲೆ ಮೂರು ಬೆರಳಿಟ್ಟು, ಹದಿನೈದು ಸೆಕೆಂಡಿಗೊಮ್ಮೆ ಲೆಕ್ಕ ತೆಗೆದೆ. ಆರಂಭದಲ್ಲಿ ಇಪ್ಪತ್ತೈದು ಪೆಟ್ಟು, ಅಂದರೆ ನಿಮಿಷಕ್ಕೆ ನೂರು. ಕೊನೆಯಲ್ಲಿ ಮೂವತ್ತು, ಅಂದರೆ ನೂರಿಪ್ಪತ್ತು. ಮೂರು ಸಲ ಎಣಿಸಿದೆ, ಮೂರು ಸಲವೂ ಅದೇ. ನಡುವೆ ಎಲ್ಲೂ ಜಿಗಿತವಿಲ್ಲ, ಜಾರುವಿಕೆಯಿಲ್ಲ. ತಪ್ಪಿದ ತಾಳ ಹಾಗಿರುವುದಿಲ್ಲ. ಏರುವುದೂ ಇಳಿಯುವುದೂ ಆಗುತ್ತದೆ. ಇದು ಬೆಟ್ಟ ಹತ್ತುವವನ ನಾಡಿ. ಹನ್ನೊಂದು ಮಂದಿ ಒಂದೇ ಎದೆಯಿಂದ ಹತ್ತಿದ್ದರು.

ವಾರ್ಡಿನಲ್ಲಿ ಬರೆಯುತ್ತಿದ್ದಂತೆಯೇ ನಾಡಿಯ ಚಾರ್ಟ್ ಗೀಚಿದೆ. ಚೌಕುಳಿ ಕಾಗದ, ಹದಿನಾಲ್ಕು ಚುಕ್ಕೆ, ಚುಕ್ಕೆಯಿಂದ ಚುಕ್ಕೆಗೆ ಕೆಂಪು ಗೆರೆ. ಹೊಸ ಟ್ರ್ಯಾಕನ್ನೂ ಮೊಬೈಲಿನಲ್ಲಿ ಹಾಕಿ ಎಣಿಸಿದೆ: ಇಪ್ಪತ್ತೇಳು, ಇಪ್ಪತ್ತೇಳು, ಇಪ್ಪತ್ತೇಳು. ಅದಕ್ಕೆ ನೀಲಿ ಗೆರೆ. ಅಭ್ಯಾಸಬಲದಿಂದ ಕಾಗದದ ಮೇಲ್ತುದಿಯಲ್ಲಿ 'ರೋಗಿಯ ಹೆಸರು' ಎಂದು ಬರೆದು, ಏನು ತುಂಬಬೇಕೆಂದು ತೋಚದೆ ಖಾಲಿ ಬಿಟ್ಟೆ.

ಮರುದಿನ ನೈಫಿಗೆ ಹೋದೆ. ಕಾರ್ಯದರ್ಶಿ ಬಲ್ಬಿನ ಪೆಟ್ಟಿಗೆಗಳ ನಡುವೆ ಕುಳಿತು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಸಿಸ್ಟರಕ್ಕ, ಇದು ಜ್ವರದ ಚಾರ್ಟ್ ಅಲ್ವಾ?"

"ನಾಡಿಯದ್ದು. ಕೆಂಪು ಗೆರೆ ನಡೆಯುವ ಮನುಷ್ಯನದ್ದು. ನೀಲಿ ಗೆರೆ ಎದೆಯೊಳಗೆ ಮೆಷಿನ್ ಇಟ್ಟು ಮಲಗಿಸಿದವನದ್ದು. ನಿಮಗೆ ಯಾರು ಬೇಕು?"

"ಅಯ್ಯೋ, ಲೈಟು, ವಿಡಿಯೋ ಎಲ್ಲ ಆ ಟ್ರ್ಯಾಕಿಗೆ ಸೆಟ್ ಆಗಿದೆ. ಜನರಿಗೆ ಎಂತ ಗೊತ್ತಾಗ್ತದೆ ಹೇಳಿ? ಮಾಸ್ಟ್ರಿಗೆ ವಯಸ್ಸಾಯ್ತು, ಹಟ. ನೀವಾದ್ರೂ ಒಂದು ಬುದ್ಧಿಮಾತು ಹೇಳಬಾರದಾ? ಶಾಲು ತಪ್ಪಿಸಿಕೊಳ್ಳುದು ಬೇಡ ಅಂತ."

ನಾನು ಚಾರ್ಟ್ ಮಡಚಿ ಚೀಲದಲ್ಲಿಟ್ಟುಕೊಂಡೆ. ಬುದ್ಧಿಮಾತು ಹೇಳುತ್ತೇನೆ ಎಂದೆ. ಯಾರಿಗೆ ಎಂದು ಹೇಳಲಿಲ್ಲ.

ಮಾಸ್ಟ್ರಿಗೆ ಚಾರ್ಟ್ ತೋರಿಸಿ ಹೇಳಿದ್ದು ಇಷ್ಟೇ: "ಕೋಟು ಹಾಕಿಕೊಂಡು ಬನ್ನಿ. ಪೆಡಲ್ ತನ್ನಿ."

"ಟ್ರ್ಯಾಕ್ ಹಾಕಿದ್ರೆ ನಾನು ಇಳಿದು ಹೋಗ್ತೇನೆ ಸಿಸ್ಟರ್. ಎಲ್ಲರ ಎದುರಲ್ಲೇ ಹೋಗ್ತೇನೆ. ಮಗಳಿಗೂ ಹೇಳಿದ್ದೇನೆ."

"ಹೋಗಿ. ಆದ್ರೆ ಸಮಯಕ್ಕೆ ಸರಿಯಾಗಿ ಬನ್ನಿ."

ಕುಂದಾಪುರದ ಡ್ರಮ್ಮರಿಗೂ ಫೋನ್ ಮಾಡಿ, ಎಳೆಯದೆ ಇರುವ ಮೂಲ ದೃಶ್ಯವನ್ನು ಪೆನ್‌ಡ್ರೈವಿನಲ್ಲಿ ತರಲು ಹೇಳಿದೆ. "ಸದ್ದು ಇಲ್ಲದ್ದು ಬೇಕಾ ಸಿಸ್ಟರ್?" ಎಂದರು. "ಬರೀ ಕಾಲು ಸಾಕು," ಎಂದೆ. ಅವರು ಜೋರಾಗಿ ನಕ್ಕರು. ತಾಲೀಮಿನ ದಿನ ಅವರ ಕಿವಿಗೂ ಆ ಹೆಡ್‌ಫೋನ್ ಕಚ್ಚಿತ್ತು.

ಸಭಾಂಗಣಗಳ ಒಂದು ಗುಟ್ಟು ನನಗೆ ವರ್ಷಗಳಿಂದ ಗೊತ್ತಿತ್ತು. ಧ್ವನಿ ಮತ್ತು ಪರದೆ ನೋಡಿಕೊಳ್ಳುವವರು ಬಾಡಿಗೆಗೆ ಬಂದವರು. ಅಧ್ಯಕ್ಷರು ಯಾರು, ಕಾರ್ಯದರ್ಶಿ ಯಾರು ಎಂದು ಅವರಿಗೆ ಗೊತ್ತಿರುವುದಿಲ್ಲ. ಕೈಯಲ್ಲಿ ಕಾಗದ ಹಿಡಿದವರ ಮಾತು ಕೇಳುತ್ತಾರೆ. ಆಸ್ಪತ್ರೆಯಲ್ಲೂ ಹಾಗೆಯೇ. ಕಾಗದ ನನ್ನ ಕೈಯಲ್ಲಿತ್ತು.

ಕಾರ್ಯದರ್ಶಿ ಅತಿಥಿಗಳನ್ನು ಕರೆತರಲು ಗೇಟಿಗೆ ಹೋಗಿದ್ದಾಗ ಧ್ವನಿಯ ಮೇಜಿಗೆ ಹೋದೆ. "ಮೊದಲ ಐಟಂಗೆ ಟ್ರ್ಯಾಕ್ ಇಲ್ಲ. ಈ ವಿಡಿಯೋ ಹಾಕಿ. ಗಿಟಾರಿಗೆ ಒಂದು ಮೈಕ್, ಡ್ರಮ್ಸಿಗೆ ಎರಡು," ಎಂದು ಹಿಂದಿಯಲ್ಲಿ ಹೇಳಿದೆ. ಆತ ಪಟ್ಟಿ ನೋಡಿದ, ನನ್ನ ಎದೆಯ ಮೇಲಿನ ವಾಚು ನೋಡಿದ. "ಜೀ ಮೇಡಂ," ಎಂದ.

ಮೂವತ್ತೆಂಟು ವರ್ಷದಲ್ಲಿ ಒಂದು ಆದೇಶವನ್ನೂ ನಾನು ತಿದ್ದಿರಲಿಲ್ಲ. ಅಂದು ತಿದ್ದಿದೆ. ಅದಕ್ಕೆ ಪಶ್ಚಾತ್ತಾಪವಿಲ್ಲ ಎಂದು ಇಲ್ಲಿ ದಾಖಲಿಸುತ್ತೇನೆ.

ದೀಪ ಆರಿತು. ಮಾಸ್ಟ್ರು ಸಭಿಕರಿಗೆ ಅರ್ಧ ಬೆನ್ನು ತೋರಿಸಿ ಪರದೆಯತ್ತ ತಿರುಗಿ ಕುಳಿತಿದ್ದರು. ಡ್ರಮ್ಮರ್ ಕೂಡ ಕತ್ತು ಹೊರಳಿಸಿದ್ದರು. ಟ್ರ್ಯಾಕಿನ ಸದ್ದು ಬರಲಿಲ್ಲ. ಮಾಸ್ಟ್ರು ಒಮ್ಮೆ ನನ್ನ ಕಡೆ ನೋಡಿದರು. ನಾನು ವಾಚು ನೋಡುತ್ತಿರುವಂತೆ ನಟಿಸಿದೆ. ಪರದೆಯಲ್ಲಿ ಬಂದರು ಕಾಣಿಸಿತು, ಆ ಮನುಷ್ಯನ ಮೊದಲ ಹೆಜ್ಜೆ ಬಿತ್ತು, ಬಲಗಾಲು ಪೆಡಲ್ ತುಳಿಯಿತು.

ಹನ್ನೊಂದು ಮಂದಿಯ ಹಾಡನ್ನು ಇಬ್ಬರು ನುಡಿಸಿದರು. ತೆಳ್ಳಗಿತ್ತು, ನಿಜ. ತುತ್ತೂರಿ ಇರಲಿಲ್ಲ, ಪಿಟೀಲು ಇರಲಿಲ್ಲ. ಆದರೆ ಪೇಟೆಯ ತಿರುವಿನಲ್ಲಿ ಅವನ ಹೆಜ್ಜೆ ಬಿರುಸಾದಾಗ ಹಾಡು ಬಿರುಸಾಯಿತು, ಸಭಾಂಗಣದಲ್ಲಿ ಬೆನ್ನುಗಳು ನೆಟ್ಟಗಾದವು. ಮುಂದಿನ ಸಾಲಿನ ಮುದುಕರೊಬ್ಬರು ಕುರ್ಚಿಯ ಅಂಚಿಗೆ ಬಂದರು. ಕೊನೆಯ ಅರ್ಧ ನಿಮಿಷದಲ್ಲಿ ಇನ್ನೇನು ಅವನು ಓಡುತ್ತಾನೆ, ಇನ್ನೇನು ಓಡುತ್ತಾನೆ ಎಂದು ಎಲ್ಲರೂ ಉಸಿರು ಹಿಡಿದರು. ಅವನು ಓಡಲಿಲ್ಲ. ಗಿಟಾರೂ ಓಡಲಿಲ್ಲ. ಚಪ್ಪಾಳೆ ಎಷ್ಟು ಹೊತ್ತು ಬಿತ್ತು ಎಂದು ಸಮಯಪಾಲಕಿ ಗುರುತು ಹಾಕಿಕೊಳ್ಳಲಿಲ್ಲ.

ಕಾರ್ಯದರ್ಶಿ ಕೆಂಪು ಮುಖ ಮಾಡಿಕೊಂಡು ಬಂದರು. "ಸಿಸ್ಟರಕ್ಕ, ನೀವೇ ಹೀಗೆ ಮಾಡಿದ್ರೆ ಹೇಗೆ? ಶಿಸ್ತು ಅಂತ ನಿಮ್ಮನ್ನು ಇಟ್ಟದ್ದು!"

"ಟ್ರ್ಯಾಕಿಗಿಂತ ಒಂಬತ್ತು ಸೆಕೆಂಡ್ ಮೊದಲೇ ಮುಗಿದಿದೆ," ಎಂದು ಪಟ್ಟಿ ತೋರಿಸಿದೆ. "ಮುಂದಿನವರನ್ನು ಕರೆಯಿರಿ."

ಶಾಲು ಹೊದಿಸಲಿಲ್ಲ. ಅತಿಥಿಗಳು ಬರುವುದು ತಡವಾಯಿತೆಂದು ಕಾರಣ ಕೊಟ್ಟರು. ಮುಂದಿನ ವರ್ಷದಿಂದ ಸಮಯಪಾಲಕಿಯ ಕೆಲಸ ಬೇರೆಯವರಿಗೆ ಹೋಯಿತು. ಮಾಸ್ಟ್ರ ಮಗಳು ಎರಡು ದಿನ ನನ್ನ ಜತೆ ಮಾತಾಡಲಿಲ್ಲ. ಆ ರಾತ್ರಿ ಮನೆಗೆ ಹಿಂತಿರುಗುವಾಗ ಲಿಫ್ಟಿನಲ್ಲಿ ನಾನೇ ಹೇಳಿದೆ, "ಶಾಲು ಹೋಯ್ತಲ್ಲ ಮಾಸ್ಟ್ರೇ."

"ಈ ಊರಲ್ಲಿ ಶಾಲು ಹೊದ್ದು ಎಲ್ಲಿಗೆ ಹೋಗುದು ಸಿಸ್ಟರ್? ಇದ್ದ ಕೋಟಿಗೇ ಬೆವರು ಇಳೀತಾ ಉಂಟು." ಪಾದ ಆಡುತ್ತಿತ್ತು. ಐದನೆಯ ಮಹಡಿ ಬಂದಾಗ, "ಆ ಚಾರ್ಟ್ ನನಗೆ ಕೊಡ್ತೀರಾ?" ಎಂದರು. ಕೊಟ್ಟೆ.

ಎರಡು ವರ್ಷ ಕಳೆದ ಮೇಲೆ ಅವರು ಆಸ್ಪತ್ರೆ ಸೇರಿದರು, ಹೃದಯದ ತೊಂದರೆ. ಪ್ರತಿ ದಿನ ನಾಲ್ಕು ಗಂಟೆ ಒಂದು ನಿಮಿಷಕ್ಕೆ ಹೋಗುತ್ತಿದ್ದೆ. ಕೊನೆಯ ದಿನ ಮಣಿಕಟ್ಟು ಹಿಡಿದು ಕುಳಿತಾಗ ವಾಚು ನೋಡಲಿಲ್ಲ, ಹೊದಿಕೆಯ ಕೆಳಗಿನ ಪಾದ ನೋಡಿದೆ. ಅದು ತನ್ನ ಪಾಡಿಗೆ ನಡೆಯುತ್ತಿತ್ತು. ಅವಸರ ಇರಲಿಲ್ಲ.

ತಿಂಗಳಾದ ಮೇಲೆ ಅವರ ಮಗಳು ಗಿಟಾರಿನ ಪೆಟ್ಟಿಗೆ ತೆರೆದು, ಮಡಚಿದ ಒಂದು ಕಾಗದ ತಂದು ನನ್ನ ಕೈಯಲ್ಲಿಟ್ಟಳು. ನನ್ನ ಚಾರ್ಟ್. ಕೆಂಪು ಗೆರೆ, ನೀಲಿ ಗೆರೆ ಹಾಗೆಯೇ ಇದ್ದವು. ಮೇಲೆ 'ರೋಗಿಯ ಹೆಸರು' ಎಂದು ನಾನು ಖಾಲಿ ಬಿಟ್ಟಿದ್ದ ಕಡೆ ಸಣ್ಣ ಅಕ್ಷರಗಳಲ್ಲಿ ಹನ್ನೊಂದು ಹೆಸರುಗಳಿದ್ದವು. ಪಕ್ಕದಲ್ಲಿ ಯಾರು ಏನು ನುಡಿಸಿದರು ಎಂಬುದು. ಗೆರೆ ಸಾಲದೆ ಅಂಚಿನಲ್ಲಿ ಇಳಿದು ಬಂದಿದ್ದವು. ಅವರ ಹೆಸರು ಹನ್ನೊಂದನೆಯದು.

ಸಂಘ ಈಗಲೂ ನವೆಂಬರಿನಲ್ಲಿ ಆ ಹಾಡಿನಿಂದಲೇ ಕಾರ್ಯಕ್ರಮ ಆರಂಭಿಸುತ್ತದೆ. ಟ್ರ್ಯಾಕ್ ಹಾಕುತ್ತಾರೆ, ನೀಲಿ ಗೆರೆಯದ್ದು. ನಾನು ಮೂರನೆಯ ಸಾಲಿನ ಮೊದಲ ಕುರ್ಚಿಯಲ್ಲಿ ಕುಳಿತಿರುತ್ತೇನೆ. ದೀಪ ಆರಿಸುವ ಮೊದಲು ಎದ್ದು ನಿಂತು ಚಾರ್ಟ್ ಬಿಚ್ಚಿ ಹನ್ನೊಂದು ಹೆಸರುಗಳನ್ನು ಓದುತ್ತೇನೆ. ಮೈಕ್ ಬೇಕಾಗುವುದಿಲ್ಲ, ನಲವತ್ತು ಹಾಸಿಗೆಯ ವಾರ್ಡಿನಲ್ಲಿ ಈ ತುದಿಯಿಂದ ಆ ತುದಿಗೆ ಕೇಳಿಸುತ್ತಿದ್ದ ದನಿ ಇದು. ಮೊದಲ ವರ್ಷ ಕಾರ್ಯದರ್ಶಿ ಕೈಸನ್ನೆ ಮಾಡಿದರು, ಎರಡನೆಯ ವರ್ಷ ಗಂಟೆ ಬಾರಿಸಿದರು. ಮೂರನೆಯ ವರ್ಷ ಸುಮ್ಮನೆ ಕಾದು ನಿಂತರು. ಓದಲು ನನ್ನ ವಾಚಿನಲ್ಲಿ ನಲವತ್ತು ಸೆಕೆಂಡ್ ಹಿಡಿಯುತ್ತದೆ. ಕಾರ್ಯಕ್ರಮ ಪಟ್ಟಿಯಲ್ಲಿ ಅದಕ್ಕೆ ಸಮಯ ಕೊಟ್ಟಿಲ್ಲ. ನಾನು ಕೇಳಿಯೂ ಇಲ್ಲ.